ಸಾರೂ ನೀರೇ, ಕಾಫಿಯೂ ನೀರೇ ಮೇಷ್ಟ್ರೇ

ಪ್ರಶ್ನೆ: ನನಗೆ 63 ವರ್ಷ. ಮೇಷ್ಟ್ರಾಗಿ ನಿವೃತ್ತಿಯಾಗಿ ಹಾಸನದಲ್ಲಿದ್ದೇನೆ. ಬಿ.ಪಿ. ಮಾತ್ರೆ ಒಂದು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಬೆಂಗಳೂರಿನಲ್ಲಿರುವ ಮಗಳು ನೀರು ಕುಡಿಯೋದನ್ನು ನೆನಪಿಸುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ದಿನಕ್ಕೆ ಮೂರು ಲೀಟರ್ ಗುರಿ. ನಾನು ಬೆಳಿಗ್ಗೆ ರಾಗಿ ಅಂಬಲಿ, ದಿನಕ್ಕೆ ನಾಲ್ಕು ಕಾಫಿ, ಮಧ್ಯಾಹ್ನ ಎರಡು ಲೋಟ ಮಜ್ಜಿಗೆ, ರಾತ್ರಿ ಒಂದು ಬಟ್ಟಲು ಸಾರು ಕುಡಿಯುತ್ತೇನೆ. ಇವೆಲ್ಲ ಲೆಕ್ಕಕ್ಕಿಲ್ಲ, ಬರೀ ನೀರೇ ಆಗಬೇಕು, ಕಾಫಿಯಂತೂ ಮೈಯಲ್ಲಿರೋ ನೀರನ್ನೂ ಹೊರಗೆ ಹಾಕುತ್ತೆ ಅನ್ನುತ್ತಾಳೆ. ನಿಜವಾ? ಇನ್ನೊಂದು, ರಾತ್ರಿ ಎರಡು ಸಲ ಎದ್ದೇಳಬೇಕಾಗುತ್ತೆ ಅಂತ ಸಂಜೆ ಮೇಲೆ ನೀರು ಕುಡಿಯೋದನ್ನೇ ಬಿಟ್ಟಿದ್ದೇನೆ. ಸರಿಯಾ?

ಉತ್ತರ: ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ. ಅಂಬಲಿ, ಕಾಫಿ, ಮಜ್ಜಿಗೆ, ಸಾರು, ಎಲ್ಲವೂ. ಮಗಳ ಕಾಳಜಿ ಸರಿಯಾಗಿದೆ, ಲೆಕ್ಕ ಮಾತ್ರ ತಪ್ಪಿದೆ.

ಇದನ್ನು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದವರು ಹೃದ್ರೋಗಿಗಳು. ನಾನು ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ಹೃದಯದ ಪಂಪು ದುರ್ಬಲವಾದವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಬರೆದುಕೊಟ್ಟಿರುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಮಿತಿ ಒಂದೂಕಾಲು ಲೀಟರ್. ಒಂದೇ ವಾರದಲ್ಲಿ ತೂಕ ಎರಡೂವರೆ ಕೆ.ಜಿ. ಏರಿತ್ತು. ಪಾದವನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. "ಬಾಟಲಿಯಲ್ಲಿ ಅಳೆದು ಇಟ್ಟಿರ್ತೀವಿ ಮೇಡಂ, ಅದರ ಮೇಲೆ ಒಂದು ತೊಟ್ಟೂ ಕೊಟ್ಟಿಲ್ಲ" ಅಂದ ಮಗ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಾಟಲಿ ಬಿಟ್ಟು ಬೇರೆ ಏನೇನು ಕೊಟ್ಟಿರಿ ಅಂತ ಒಂದೊಂದೇ ಕೇಳಿದೆ. ಬೆಳಿಗ್ಗೆ ಗಂಜಿ. ಎರಡು ಸಲ ಟೀ. ಊಟಕ್ಕೆ ಬಟ್ಟಲು ತುಂಬ ತಿಳಿಸಾರು, ಆಮೇಲೆ ಮಜ್ಜಿಗೆ. ಸಂಜೆ ಬಿಸಿಲಿಗೆ ತಂಪಾಗಲಿ ಅಂತ ಕಲ್ಲಂಗಡಿ. ಕೂಡಿದರೆ ಇನ್ನೊಂದು ಲೀಟರ್ ಹತ್ತಿರ ಬಂತು. ಮಗನಿಗೆ ಗಂಜಿ ಬೇರೆ, ನೀರು ಬೇರೆ. ಅಜ್ಜಿಯ ಕಾಲಿಗೆ ಆ ಭೇದ ಗೊತ್ತಿರಲಿಲ್ಲ.

ನೀರು ಕಡಿಮೆ ಮಾಡಬೇಕಾದ ಕಾಯಿಲೆಯಲ್ಲಿ ಗಂಜಿ, ಸಾರು, ಪಾಯಸ, ಐಸ್‌ಕ್ರೀಮ್ ಎಲ್ಲವನ್ನೂ ಒಂದೂ ಬಿಡದೆ ಎಣಿಸುತ್ತೇವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರನ್ನು ಕೇಳಿ, ಅವರಿಗೆ ಇದು ಬಾಯಿಪಾಠ. ಹಾಗಿದ್ದ ಮೇಲೆ ಆರೋಗ್ಯವಂತರಿಗೆ ಅದೇ ಸಾರು ಲೆಕ್ಕಕ್ಕಿಲ್ಲ ಅಂದರೆ ಹೇಗೆ? ಕರುಳಿಗೆ ಬೇಕಿರುವುದು ನೀರು. ಅದು ಚೊಂಬಿನಿಂದ ಬಂತೋ, ದಾವರಾ ಲೋಟದಿಂದ ಬಂತೋ ಅಂತ ಅದು ವಿಚಾರಿಸುವುದಿಲ್ಲ.

ಬರೀ ನೀರೇ ಆಗಬೇಕು ಅನ್ನುವ ಮಾತು ಎಲ್ಲಿಂದ ಬಂತು? ಇದಕ್ಕೊಂದು ತಮಾಷೆಯ ಹಿನ್ನೆಲೆ ಇದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಸಾಕು ಅಂತ ಬರೆಯಿತು. ಒಂದು ಕ್ಯಾಲೊರಿ ಆಹಾರಕ್ಕೆ ಒಂದು ಎಂ.ಎಲ್. ನೀರು ಅನ್ನುವುದು ಅವರ ಅಂದಾಜು. ಪಕ್ಕದಲ್ಲೇ ಇನ್ನೊಂದು ಮಾತನ್ನೂ ಸೇರಿಸಿದ್ದರು: ಇದರಲ್ಲಿ ಹೆಚ್ಚಿನ ಪಾಲು ನಾವು ತಿನ್ನುವ, ತಯಾರಾದ ಆಹಾರದಲ್ಲೇ ಇರುತ್ತದೆ. ಎರಡೂವರೆ ಲೀಟರ್ ಅನ್ನೋದು ಊರೆಲ್ಲ ಹರಡಿತು. ಎರಡನೇ ಮಾತನ್ನು ಯಾರೂ ಓದಲೇ ಇಲ್ಲ. ಶಾಲೆಯಲ್ಲಿ ಪ್ರಶ್ನೆಯ ಅರ್ಧ ಓದಿ ಉತ್ತರ ಬರೆಯುವ ಹುಡುಗರನ್ನು ನೀವು ಕಂಡಿರುತ್ತೀರಿ, ಅಲ್ವಾ?

ತಿನ್ನುವುದರಲ್ಲಿ ನೀರು ಎಲ್ಲಿದೆ ಅಂತ ಅನುಮಾನ ಬಂದರೆ ಅಡುಗೆಮನೆಗೆ ಹೋಗಿ ನೋಡಿ. ಒಂದು ಪಾವು ಅಕ್ಕಿಗೆ ಎರಡು, ಎರಡೂವರೆ ಪಾವು ನೀರು ಹಾಕುತ್ತೀರಿ. ಕುಕ್ಕರ್ ತೆಗೆದಾಗ ಆ ನೀರು ಕಾಣುವುದಿಲ್ಲ. ಒಂದಿಷ್ಟು ಆವಿಯಾಯಿತು, ಉಳಿದದ್ದೆಲ್ಲ ಅನ್ನದೊಳಗೆ ಕೂತಿದೆ. 100 ಗ್ರಾಂ ಅನ್ನದಲ್ಲಿ ಸುಮಾರು 70 ಗ್ರಾಂ ನೀರೇ. ನಿಮ್ಮ ಕಡೆಯ ಮುದ್ದೆಯಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದು. ಸೌತೆಕಾಯಿ ಶೇ. 95, ಕಲ್ಲಂಗಡಿ ಶೇ. 92. ಬ್ರೆಡ್ಡು, ಬಿಸ್ಕತ್ತು ತಿಂದು ದಿನ ಕಳೆಯುವವರಿಗೆ ಹೋಲಿಸಿದರೆ ಅನ್ನ, ಸಾರು, ಹುಳಿ, ಮಜ್ಜಿಗೆಯ ಊಟ ಮಾಡುವವರು ತಮಗೇ ಗೊತ್ತಿಲ್ಲದೆ ಅರ್ಧ ಮುಕ್ಕಾಲು ಲೀಟರ್ ನೀರನ್ನು ತಟ್ಟೆಯಿಂದಲೇ ಪಡೆದಿರುತ್ತಾರೆ.

ಆ್ಯಪಿನ ಮೂರು ಲೀಟರಿನ ಕಥೆಯೂ ಹೀಗೇ ಇರಬೇಕು. ಅಮೆರಿಕದಲ್ಲಿ 2004ರಲ್ಲಿ ಹೇಳಿದ ಅಳತೆ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್. ಆದರೆ ಅದು ತಿಂದದ್ದು ಕುಡಿದದ್ದು ಎಲ್ಲ ಸೇರಿಸಿ. ಅದರಲ್ಲಿ ಐದನೇ ಒಂದು ಪಾಲು ಆಹಾರದಿಂದಲೇ ಬರುತ್ತದೆ ಅಂತಲೂ ಅಲ್ಲೇ ಹೇಳಿದ್ದಾರೆ. ಯುರೋಪಿನವರು 2010ರಲ್ಲಿ ಇನ್ನೂ ಕಡಿಮೆ ಹೇಳಿದರು, ಎಲ್ಲ ಸೇರಿ ಗಂಡಸರಿಗೆ ಎರಡೂವರೆ, ಹೆಂಗಸರಿಗೆ ಎರಡು ಲೀಟರ್. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ ಎಂಟು ಲೋಟ, ಅಂದರೆ ಸುಮಾರು ಎರಡು ಲೀಟರ್ ಅನ್ನುತ್ತದೆ. ಹಾಸನದ ಹವೆಯಲ್ಲಿ ಮನೆ, ಪೇಟೆ, ಸಂಜೆಯ ವಾಕಿಂಗ್ ಅಂತ ಇರುವ ನಿಮಗೆ ಕುಡಿಯುವುದೆಲ್ಲ ಸೇರಿ ಎರಡು ಲೀಟರ್ ಆದರೆ ಧಾರಾಳವಾಯಿತು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಹೊಲದಲ್ಲಿ ದುಡಿಯುವವರ ವಿಷಯ ಬೇರೆ. ಆ ಬಿಸಿಲಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ಬೆವರು ಹೋಗಬಹುದು, ಅವರಿಗೆ ಈ ಎರಡು ಲೀಟರ್ ಯಾವ ಮೂಲೆಗೂ ಸಾಲದು.

ಈಗ ಕಾಫಿಗೆ ಬರೋಣ. ಸಕಲೇಶಪುರವನ್ನು ಪಕ್ಕದಲ್ಲೇ ಇಟ್ಟುಕೊಂಡವರಿಗೆ ಕಾಫಿ ಬಿಡಿ ಅನ್ನಲು ನನಗೂ ಮನಸ್ಸಿಲ್ಲ.

ಕಾಫಿಯಲ್ಲಿರುವ ಕೆಫೀನ್ ಮೂತ್ರ ಹೆಚ್ಚಿಸುತ್ತದೆ ಅನ್ನೋದು ಪೂರ್ತಿ ಸುಳ್ಳಲ್ಲ. ಅಪರೂಪಕ್ಕೆ ಕುಡಿಯುವವರು ಒಂದೇ ಸಲ ಜಾಸ್ತಿ ಕುಡಿದರೆ ಬೇಗ ಬೇಗ ಹೋಗಬೇಕಾಗುತ್ತದೆ. ಈ ಮಾತಿನ ಬೇರು ಹುಡುಕುತ್ತಾ ಹೋದರೆ 1928ರ ಒಂದು ಪ್ರಯೋಗ ಸಿಗುತ್ತದೆ. ಅದರಲ್ಲಿ ಇದ್ದವರು ಮೂರೇ ಜನ! ದಿನಾ ಕುಡಿಯುವವರ ಮೈ ಕೆಫೀನಿಗೆ ಹೊಂದಿಕೊಂಡುಬಿಡುತ್ತದೆ ಅಂತ ಆ ಮೂವರಲ್ಲೇ ಕಂಡಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದನ್ನು ಸರಿಯಾಗಿ ಅಳೆದು 2014ರಲ್ಲಿ ಪ್ರಕಟಿಸಿದರು. ಕಾಫಿ ರೂಢಿಯಿದ್ದ 50 ಗಂಡಸರಿಗೆ ಮೂರು ದಿನ 200 ಎಂ.ಎಲ್.ನ ನಾಲ್ಕು ಕಪ್ ಕಾಫಿ, ಬೇರೆ ಮೂರು ದಿನ ಅಷ್ಟೇ ನೀರು ಕೊಟ್ಟರು. ರಕ್ತ ನೋಡಿದರು, ಮೂತ್ರ ಹಿಡಿದಿಟ್ಟು ಅಳೆದರು, ಮೈಯಲ್ಲಿನ ಒಟ್ಟು ನೀರನ್ನೂ ಲೆಕ್ಕ ಹಾಕಿದರು. ಕಾಫಿಯ ದಿನಗಳಿಗೂ ನೀರಿನ ದಿನಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಕಾಫಿ ಕುಡಿದ ತಪ್ಪಿಗೆ ದಂಡದ ಹಾಗೆ ಎರಡು ಲೋಟ ನೀರು ಕುಡಿಯುವ ಅಗತ್ಯ ಇಲ್ಲ. ಟೀಗೂ ಇದೇ ಮಾತು.

ಆದರೆ ಮೇಷ್ಟ್ರೇ, ನೀರಿನ ಲೆಕ್ಕದಲ್ಲಿ ಪಾಸಾದ ಕಾಫಿ ಬೇರೆ ಲೆಕ್ಕದಲ್ಲಿ ಸಿಕ್ಕಿಬೀಳಬಹುದು. ಅದೇ 2024ರ ಮಾರ್ಗಸೂಚಿಯ ಪ್ರಕಾರ 150 ಎಂ.ಎಲ್. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ದಿನದ ಮಿತಿ 300. ಸ್ಟ್ರಾಂಗ್ ಆಗಿ ನಾಲ್ಕು ಕುಡಿದರೆ ಗಡಿ ದಾಟುತ್ತೀರಿ. ಚಿಕೋರಿ ಬೆರೆಸಿದ ಪುಡಿಯಾದರೆ ಸ್ವಲ್ಪ ಕಡಿಮೆ, ಯಾಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅದು ಪ್ಯಾಕೆಟ್ಟಿನಲ್ಲಿ ಅರ್ಧದಷ್ಟರವರೆಗೂ ಇರಬಹುದು, ಮುದ್ರಿಸಿರುತ್ತಾರೆ, ಓದಿ ನೋಡಿ. ಮೂರಕ್ಕೆ ಇಳಿಸಿದರೆ ಒಳ್ಳೆಯದು. ಆಗಲ್ಲ ಅಂದರೆ ಎರಡು ಕಾಫಿಯನ್ನು ಮನೆಯವರ ಜೊತೆ ಬೈಟು ಮಾಡಿಕೊಳ್ಳಿ. ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಕಾಫಿ, ಟೀ ಬೇಡ. ಊಟದಲ್ಲಿರುವ ಕಬ್ಬಿಣದಂಶ ಮೈಗೆ ಹತ್ತುವುದಕ್ಕೆ ಅದು ಅಡ್ಡ ಬರುತ್ತದೆ.

ನಿಮ್ಮ ಲೆಕ್ಕ ಎಷ್ಟಾಗುತ್ತದೆ ಅಂತ ನೋಡಲು ಒಂದು ಕೆಲಸ ಮಾಡಿ. ಅಳತೆ ಪಾತ್ರೆ ಏನೂ ಬೇಡ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ಪಾತ್ರೆಗೆ ಸುರಿಯುವ ಮೊದಲು ನಿಮ್ಮ ಮನೆಯ ಲೋಟಗಳಿಗೆ ಹಾಕಿ ನೋಡಿ. ನಮ್ಮ ಮನೆಯಲ್ಲಿ ಕಾಫಿ ಲೋಟ ನಾಲ್ಕು ತುಂಬಿ ತಳದಲ್ಲಿ ಚೂರು ಉಳಿಯಿತು. ಅಂದರೆ ಲೋಟಕ್ಕೆ 120 ಎಂ.ಎಲ್. ನೀರಿನ ಲೋಟ ಎರಡು ತುಂಬಿ ಮೂರನೆಯದು ಅರ್ಧ ಆಯಿತು, 200 ಎಂ.ಎಲ್. ಅಮ್ಮನ ಕಾಲದ ಉದ್ದನೆಯ ಸ್ಟೀಲ್ ಲೋಟವೊಂದಿದೆ, ಅದು ಒಂದೇ 300 ಹಿಡಿಯಿತು. ಇಷ್ಟು ವರ್ಷ "ದಿನಕ್ಕೆ ಎಂಟು ಲೋಟ" ಅಂತ ರೋಗಿಗಳಿಗೆ ಹೇಳಿಕೊಂಡು ಬಂದವಳು ನಾನು. ಯಾವ ಲೋಟ ಅಂತ ಹೇಳಿರಲಿಲ್ಲವಲ್ಲ ಅಂತ ಆವತ್ತು ನಾಚಿಕೆಯಾಯಿತು.

ನಮ್ಮನೆ ಲೋಟದಲ್ಲೇ ನಿಮ್ಮದನ್ನು ಅಳೆದರೆ ನಾಲ್ಕು ಕಾಫಿಗೆ 480, ಮಜ್ಜಿಗೆ 400, ಅಂಬಲಿ ಒಂದು 250, ಸಾರು 150. ಒಟ್ಟು 1,280. ಹಾಲು, ರಾಗಿ, ಬೇಳೆಯ ಗಟ್ಟಿ ಅಂಶ ಕಳೆದರೂ 1,100 ಎಂ.ಎಲ್. ಮೇಲೆ ನೀರು ಸಿಕ್ಕೇ ಸಿಗುತ್ತದೆ. ಇದರ ಮೇಲೆ ನಾಲ್ಕೈದು ಲೋಟ ಬರೀ ನೀರು ಕುಡಿದರೆ ಎರಡು ಲೀಟರ್ ಮುಗಿಯಿತು. ಆ್ಯಪ್ ಹೇಳುವ ಹಾಗೆ ಇವೆಲ್ಲದರ ಮೇಲೆ ಮೂರು ಲೀಟರ್ ಸುಮ್ನೆ ಹೊಟ್ಟೆಗೆ ಸುರಿದುಕೊಳ್ಳಬೇಕಿಲ್ಲ.

ಹಾಗಾದರೆ ಕುಡಿಯುವುದೆಲ್ಲ ಒಂದೇನಾ? ನೀರಿನ ಮಟ್ಟಿಗೆ ಹೆಚ್ಚು ಕಡಿಮೆ ಒಂದೇ. 2016ರಲ್ಲಿ ಬ್ರಿಟನ್ನಿನವರು 72 ಗಂಡಸರಿಗೆ 13 ಬಗೆಯ ಪಾನೀಯ ಕುಡಿಸಿ, ಯಾವುದು ಮೈಯಲ್ಲಿ ಎಷ್ಟು ನಿಲ್ಲುತ್ತದೆ ಅಂತ ನಾಲ್ಕು ಗಂಟೆ ನೋಡಿದರು. ಟೀ, ಕಾಫಿ, ಕೋಲಾ ನೀರಿನಷ್ಟೇ ನಿಂತವು. ನೀರಿಗಿಂತ ಚೆನ್ನಾಗಿ ನಿಂತದ್ದು ಹಾಲು ಮತ್ತು ಭೇದಿಯಾದಾಗ ಕೊಡುವ ಓ.ಆರ್.ಎಸ್. ಹಾಲಿನಲ್ಲಿ ಸೋಡಿಯಂ ಇದೆ, ಪ್ರೋಟೀನ್ ಇದೆ, ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ಬರೀ ನೀರಾದರೆ ಗಡಗಡ ಕುಡಿದದ್ದರಲ್ಲಿ ಒಂದು ಪಾಲನ್ನು ಕಿಡ್ನಿ ಬೇಗನೆ ಆಚೆ ಕಳಿಸುತ್ತದೆ. ಆ ಪ್ರಯೋಗದಲ್ಲಿ ಮಜ್ಜಿಗೆ ಇರಲಿಲ್ಲ. ಇದ್ದಿದ್ದರೆ ಎರಡು ಕಲ್ಲು ಉಪ್ಪು ಹಾಕಿದ ನೀರುಮಜ್ಜಿಗೆಗೆ ಒಳ್ಳೆಯ ಅಂಕ ಬರುತ್ತಿತ್ತು ಅನ್ನೋದು ನನ್ನ ಊಹೆ. ನೀವು ಮಾತ್ರ ಬಿ.ಪಿ.ಯವರು, ಮಜ್ಜಿಗೆಗೆ ಉಪ್ಪು ಹಾಕುವಾಗ ಕೈ ಹಿಡಿಯಿರಿ. ಇಂಗು, ಕರಿಬೇವು, ಹಸಿಶುಂಠಿ ಎಷ್ಟು ಬೇಕಾದರೂ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಉಪ್ಪು 5 ಗ್ರಾಂ, ಒಂದು ಟೀ ಚಮಚದಷ್ಟು. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಾರು ಅದನ್ನು ಮಧ್ಯಾಹ್ನಕ್ಕೇ ಮುಗಿಸಿಬಿಡುತ್ತವೆ.

ಅಂದರೆ ಪ್ರಶ್ನೆ ಯಾವುದು ಲೆಕ್ಕಕ್ಕೆ ಬರುತ್ತದೆ ಅನ್ನೋದಲ್ಲ. ನೀರಿನ ಜೊತೆ ಇನ್ನೇನು ಒಳಗೆ ಬರುತ್ತಿದೆ ಅನ್ನೋದನ್ನು ನೋಡಬೇಕು. 300 ಎಂ.ಎಲ್. ಕೋಲಾ ನೀರೇನೋ ಕೊಡುತ್ತದೆ. ಜೊತೆಗೆ 30 ಗ್ರಾಂ ಮೇಲೆ ಸಕ್ಕರೆಯನ್ನೂ ತರುತ್ತದೆ. ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, 50 ದಾಟಲೇಬಾರದು ಅಂತ ಇರುವಾಗ ಒಂದು ಬಾಟಲಿಗೇ ದಿನದ ಪಾಲು ಮುಗಿಯಿತು. ಟೆಟ್ರಾ ಪ್ಯಾಕಿನ ಜ್ಯೂಸು, ಕಬ್ಬಿನ ಹಾಲು ಇದರಿಂದ ಬಹಳ ದೂರ ಏನಿಲ್ಲ. ರಾಮನವಮಿಯ ಬೆಲ್ಲದ ಪಾನಕವೂ ಅಷ್ಟೇ. ವರ್ಷಕ್ಕೊಂದು ದಿನದ ಸಂಭ್ರಮಕ್ಕೆ ನಾನು ಅಡ್ಡ ಬರುವುದಿಲ್ಲ, ಎರಡನೇ ಲೋಟ ನಾನೂ ಕೇಳಿ ಹಾಕಿಸಿಕೊಳ್ಳುತ್ತೇನೆ. ದಿನಾ ಬಾಯಾರಿಕೆಗೆ ಅದು ಬೇಡ ಅಷ್ಟೇ. ಜೀರಿಗೆ ನೀರು, ಸಕ್ಕರೆ ಹಾಕದ ಕಷಾಯ, ನಿಂಬೆಹುಳಿ ಹಿಂಡಿದ ನೀರು ಎಷ್ಟಾದರೂ ಕುಡಿಯಿರಿ.

ಎಳನೀರು ಒಳ್ಳೆಯದೇ, ಶೇ. 95ರಷ್ಟು ನೀರು, ಸಕ್ಕರೆಯೂ ಕಡಿಮೆ. ಆದರೆ ಒಂದು ಕಾಯಿಯಲ್ಲಿ ಅರ್ಧ ಗ್ರಾಂ ಆಚೆ ಈಚೆ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಅದು ಲಾಭವೇ. ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವೇ ಕೆಡಬಹುದು. ಟೆಲ್ಮಿಸಾರ್ಟನ್, ಲೋಸಾರ್ಟನ್ ತರಹದ ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ತಡೆದಿಡುತ್ತವೆ. ನಿಮ್ಮ ಮಾತ್ರೆಯ ಹೆಸರು ನೀವು ಬರೆದಿಲ್ಲ. ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಸರಿಯಿದ್ದರೆ ಆಗಾಗ ಒಂದು ಎಳನೀರಿಗೆ ಹೆದರಬೇಕಿಲ್ಲ. ದಿನಾ ಎರಡು ಮೂರು ಕುಡಿಯುವ ಅಭ್ಯಾಸ ಇದ್ದರೆ ಮುಂದಿನ ಸಲ ಡಾಕ್ಟರಿಗೆ ಹೇಳಿ.

ನೀವು ಕೇಳಿಲ್ಲ, ಆದರೂ ಯಾರಾದರೂ ಕೇಳುತ್ತಾರೆ: ಮದ್ಯ ಲೆಕ್ಕಕ್ಕೆ ಬರುತ್ತದಾ? ಆಲ್ಕೋಹಾಲ್ ಮೂತ್ರ ತಡೆಯುವ ಹಾರ್ಮೋನನ್ನೇ ಅದುಮುತ್ತದೆ. ಒಂದು ಗ್ರಾಂ ಆಲ್ಕೋಹಾಲಿಗೆ ಸುಮಾರು 10 ಎಂ.ಎಲ್. ಮೂತ್ರ ಹೆಚ್ಚುವರಿಯಾಗಿ ಹೋಗುತ್ತದೆ ಅಂತ ಹಳೆಯದೊಂದು ಅಂದಾಜಿದೆ. ಬಿಯರಿನಲ್ಲಿ ನೀರೇ ಜಾಸ್ತಿ ಇರುವುದರಿಂದ ಅದು ನಷ್ಟ ತುಂಬಿಕೊಳ್ಳುತ್ತದೆ, ವಿಸ್ಕಿ, ರಮ್ ತುಂಬಿಕೊಳ್ಳುವುದಿಲ್ಲ. ನಾನಂತೂ ಯಾರ ಚೀಟಿಯಲ್ಲೂ ಮದ್ಯವನ್ನು ನೀರಿನ ಕೆಳಗೆ ಬರೆದಿಲ್ಲ.

ಭೇದಿಯಾದಾಗ ಮಾತ್ರ ಈ "ಎಲ್ಲವೂ ನೀರೇ" ಅನ್ನುವ ಮಾತು ನಡೆಯುವುದಿಲ್ಲ. ಆಗ ಓ.ಆರ್.ಎಸ್. ಬೇಕು. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಕಾರಣ ಇದೆ. ಕರುಳು ಗ್ಲೂಕೋಸ್ ಎಳೆದುಕೊಳ್ಳುವಾಗ ಸೋಡಿಯಂ ಜೊತೆಗೆ ಬರುತ್ತದೆ, ಅವೆರಡರ ಹಿಂದೆ ನೀರು ಬರುತ್ತದೆ. ಸಕ್ಕರೆ ಅತಿಯಾದರೆ ಉಲ್ಟಾ, ನೀರು ಕರುಳಿಗೆ ಸೋರಿ ಭೇದಿ ಹೆಚ್ಚುತ್ತದೆ. ಓ.ಆರ್.ಎಸ್. ಅಂತ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳು ಮೆಡಿಕಲ್ ಸ್ಟೋರುಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು. ಆ ಅಳತೆಗೆ ಹೊಂದದ್ದಕ್ಕೆ ಆ ಹೆಸರು ಬಳಸುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿದ್ದು 2025ರ ಅಕ್ಟೋಬರಿನಲ್ಲಿ. ಮೊಮ್ಮಕ್ಕಳಿಗೆ ತರುವಾಗ ಪ್ಯಾಕೆಟ್ ತಿರುಗಿಸಿ ಓದಿ.

ನೀರು ಜಾಸ್ತಿಯಾದರೆ ನಷ್ಟ ಏನು ಅಂತ ಮಗಳು ಕೇಳಬಹುದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಡಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿತ್ತು. ಹಾಗಾದವರಲ್ಲಿ ಎದ್ದು ಕಂಡದ್ದು ಓಡುವಾಗ ತೂಕ ಏರಿದ್ದು. ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದರು. ವಯಸ್ಸಾದವರಲ್ಲಿ, ಅದರಲ್ಲೂ ನೀರು ಹೋಗುವ ಮಾತ್ರೆ ಸೇರಿರುವ ಬಿ.ಪಿ. ಔಷಧಿ ತಗೊಳ್ಳುವವರಲ್ಲಿ ಸೋಡಿಯಂ ಇಳಿಯಲು ಮ್ಯಾರಥಾನ್ ಓಡಬೇಕಾಗಿಲ್ಲ. ಆ್ಯಪ್ ಗಂಟೆ ಬಾರಿಸಿದಾಗಲೆಲ್ಲ ಒಲ್ಲದ ಮನಸ್ಸಿನಿಂದ ಲೋಟ ಎತ್ತಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಹಾಗಂತ ಬಾಯಾರಿಕೆಯೊಂದನ್ನೇ ನಂಬಿ ಕೂರಬೇಡಿ, ಅರುವತ್ತು ದಾಟಿದ ಮೇಲೆ ಅದು ತಡವಾಗಿ ಹೇಳುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಗಾಢವಾದರೆ ಒಂದೆರಡು ಲೋಟ ಸೇರಿಸಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಬಣ್ಣ ನೋಡಿ ಗಾಬರಿಯಾಗಬೇಡಿ, ಅದು ಮಾತ್ರೆಯ ಬಣ್ಣ. ಕಿಡ್ನಿ ಕಲ್ಲು ಆದವರಿಗೆ ಮಾತ್ರ ನನ್ನ ಎರಡು ಲೀಟರ್ ಸಾಲದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಅವರು ಕುಡಿಯಬೇಕು.

ಇನ್ನು ರಾತ್ರಿಯ ವಿಷಯ. ಸಂಜೆಯಿಂದ ಪೂರ್ತಿ ಬಿಡುವುದು ಬೇಡ, ಹಗಲಿಗೆ ಸರಿಸಿಕೊಳ್ಳಿ. ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಆರರೊಳಗೆ ಮುಕ್ಕಾಲು ಪಾಲು ಮುಗಿದಿರಲಿ. ಕೊನೆಯ ಕಾಫಿ ನಾಲ್ಕು ಗಂಟೆಗೆ. ರಾತ್ರಿಯ ಸಾರನ್ನು ಬಟ್ಟಲಲ್ಲಿ ಕುಡಿಯುವ ಬದಲು ಅನ್ನಕ್ಕೆ ಕಲಸಿಕೊಳ್ಳಿ, ಕುಡಿಯುವ ಆಸೆಯನ್ನು ಮಧ್ಯಾಹ್ನ ತೀರಿಸಿಕೊಳ್ಳಿ. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದಾ ಅಂತ ಗಮನಿಸಿ. ಹಗಲೆಲ್ಲ ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹಾಗಿದ್ದರೆ ಮಧ್ಯಾಹ್ನ ಒಂದು ಗಂಟೆ ಕಾಲು ಮೇಲಿಟ್ಟು ಮಲಗಿ. ಬಿ.ಪಿ. ಮಾತ್ರೆಯಲ್ಲಿ ನೀರು ಹೋಗುವ ಔಷಧಿ ಸೇರಿದ್ದು ಅದನ್ನು ರಾತ್ರಿ ತಗೊಳ್ಳುತ್ತಿದ್ದರೆ, ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ಬದಲಾಯಿಸಬೇಡಿ. ಇಷ್ಟಾದರೂ ಎರಡು ಸಲ ಏಳುವುದು ತಪ್ಪದಿದ್ದರೆ ಸಕ್ಕರೆ ಪರೀಕ್ಷೆ ಒಂದು, ಪ್ರಾಸ್ಟೇಟ್ ಪರೀಕ್ಷೆ ಒಂದು ಮಾಡಿಸಿ. ಆ ಚೀಟಿ ಹಿಡಿದುಕೊಂಡು ಹೋಗುವ ದಿನ ಕ್ರಿಯಾಟಿನಿನ್ ಮತ್ತು ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಯನ್ನೂ ಸೇರಿಸಿ ಅಂತ ಹೇಳಿ, ಒಂದೇ ಸಲ ರಕ್ತ ಕೊಟ್ಟರೆ ಆಗುತ್ತದೆ.